ಮೊಳೆಯಿಲ್ಲದ ಬೋದಿಗೆ: ಚೀನಾದ ಮರದ ಮಾದರಿ ಕಿಟ್ ಕಟ್ಟಿ ನೋಡಿದೆ

ಶಿರಸಿಯಲ್ಲಿ ನಲವತ್ತು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಅಪ್ಪಯ್ಯನ ಕಾಲಕ್ಕೆ ಮುಂಡಿಗೆ ನಿಲ್ಲಿಸಿ, ತೊಲೆ ಏರಿಸಿ, ಪಕಾಸು ಕೂಡಿಸುವ ಕೆಲಸವೇ ಹೆಚ್ಚಿತ್ತು. ಈಗ ಬರುವುದು ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುವ ತಂಗಿಯ ಮಗ ರಜೆಗೆ ಬಂದವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಮಾವ, ಇದಕ್ಕೆ ಒಂದೂ ಮೊಳೆ ಇಲ್ಲ ನೋಡು" ಅಂದ. ಚೀನಾದ ಹಳೆಯ ದೇವಾಲಯಗಳಲ್ಲಿ ಕಂಬದ ತಲೆಯ ಮೇಲೆ ಕೂತು ಮಾಡು ಹೊರುವ ಬೋದಿಗೆಯ ಗೊಂಚಲು ಅದು. ಅವರು ದೋಗೊಂಗ್ ಅನ್ನುತ್ತಾರೆ. ಅದರ ಮಾದರಿ ಕಿಟ್ ಸಿಗುತ್ತದೆ ಎಂದು ಗೊತ್ತಾದ ದಿನವೇ 1,850 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದೆ.

ಮೊದಲು ಮರದ ವಿಷಯ. ಬಿಳಿಚು ಬಣ್ಣ, ಒತ್ತಾದ ಎಳೆ. ಡಬ್ಬಿಯ ಮೇಲೆ ಬೀಚ್ ಎಂದಿದೆ. ಗಂಟಿಲ್ಲ, ಸೀಳಿಲ್ಲ, ಅಂಚು ಚೊಕ್ಕ. ಬಂದದ್ದು ಮಾತ್ರ ಜುಲೈ ತಿಂಗಳಲ್ಲಿ. ನಮ್ಮ ಮಳೆಗಾಲದ ಥಂಡಿಗೆ ಎರಡೇ ದಿನದಲ್ಲಿ ಮರ ಉಬ್ಬಿ, ಒಂದರ ಕಚ್ಚಿನೊಳಗೆ ಇನ್ನೊಂದು ಇಳಿಯಲೇ ಇಲ್ಲ. ಕೊಡತಿಯಲ್ಲಿ ಮೆಲ್ಲಗೆ ತಟ್ಟಿದ್ದಕ್ಕೇ ಒಂದು ತೋಳಿನ ತುದಿ ಬಿರಿಯಿತು. ಆಮೇಲೆ ಅಷ್ಟನ್ನೂ ಅಡಿಗೆಮನೆಯ ಹೊಗೆ ಅಟ್ಟದ ಮೇಲೆ ನಾಲ್ಕು ದಿನ ಇಟ್ಟೆ. ಐದನೆಯ ದಿನ ಬೆರಳಲ್ಲಿ ಒತ್ತಿದರೆ ಸಾಕಾಯಿತು. ಮಲೆನಾಡಿನವರು ತರಿಸುವುದಾದರೆ ದೀಪಾವಳಿ ಕಳೆದ ಮೇಲೆ ತರಿಸಿ.

ಕಟ್ಟುವ ಕ್ರಮ ಹೀಗೆ. ಕಂಬದ ಮೇಲೆ ಒಂದು ದೊಡ್ಡ ಚೌಕದ ಕಟ್ಟಿಗೆ, ಅದರ ನೆತ್ತಿಯಲ್ಲಿ ಕೂಡಿಸುವ ಗುರುತಿನಂಥ ಕಚ್ಚು. ಅದರೊಳಗೆ ಎರಡು ತೋಳು ಅಡ್ಡಡ್ಡ ಕೂರುತ್ತವೆ. ಒಂದಕ್ಕೆ ಮೇಲಿಂದ ಅರ್ಧ ಕಚ್ಚು, ಇನ್ನೊಂದಕ್ಕೆ ಕೆಳಗಿಂದ ಅರ್ಧ. ತೋಳಿನ ತುದಿಗಳ ಮೇಲೆ ಚಿಕ್ಕ ಚೌಕ, ಅದರ ಮೇಲೆ ಇನ್ನಷ್ಟು ಉದ್ದದ ತೋಳು. ಒಂದೊಂದು ಸಾಲಿಗೂ ಇಷ್ಟಿಷ್ಟೇ ಮುಂದೆ ಚಾಚಿ, ಸೂರು ಕಂಬದಿಂದ ಎಷ್ಟೋ ಆಚೆ ಹೋಗಿ ನಿಲ್ಲುತ್ತದೆ. ಮಳೆನೀರು ಕಂಬದ ಬುಡಕ್ಕೆ ಬೀಳಬಾರದು, ಅದಕ್ಕೇ ಇಷ್ಟು ಕಷ್ಟ. ನಾಲ್ಕು ತಿಂಗಳು ಮಳೆ ಹೊಡೆಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಿ ಮುಗಿಸಿ ಒಂದು ತೋಳಿಗೆ ಸ್ಕೇಲು ಹಿಡಿದೆ. ಎತ್ತರ 15 ಮಿಲಿಮೀಟರ್, ಅಗಲ 10. ಇನ್ನೊಂದಕ್ಕೆ ಹಿಡಿದೆ, ಅದೂ ಅಷ್ಟೇ. ಅಳಿಯನಿಗೆ ಫೋನ್ ಮಾಡಿದರೆ ಅದು ಲೀ ಜಿಯೇ ಲೆಕ್ಕ ಅಂದ. ಸೊಂಗ್ ದೊರೆಗಳ ಕಾಲದಲ್ಲಿ ಅರಮನೆಯ ಕಟ್ಟಡ ಇಲಾಖೆಯಲ್ಲಿದ್ದವನು. ಕಟ್ಟಡದ ನಿಯಮಗಳನ್ನೆಲ್ಲ 34 ಅಧ್ಯಾಯಗಳಲ್ಲಿ ಬರೆದ, 1103ರಲ್ಲಿ ಅಚ್ಚಾಯಿತು. ಕಟ್ಟಡದ ದರ್ಜೆ ನೋಡಿ ಎಂಟು ಅಳತೆಯಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಯಾವುದನ್ನೇ ಆರಿಸಿದರೂ ಮರದ ಎತ್ತರ 15 ಪಾಲು, ಅಗಲ 10 ಪಾಲು. ಆ ಒಂದು ಅಳತೆ ಗೊತ್ತಾದರೆ ಉಳಿದ ಮರಗಳ ಅಳತೆ ಅದರಿಂದಲೇ ಹೊರಡುತ್ತದೆ. ಗೋಲ ದಿಮ್ಮಿಯಿಂದ ಗಟ್ಟಿ ತೊಲೆ ತೆಗೆಯಬೇಕಾದರೆ ನಾವು ಕೊಯ್ಯಿಸುವುದೂ ಸುಮಾರು ಇದೇ ಲೆಕ್ಕದಲ್ಲಿ. ಕೂಲಿಯ ಲೆಕ್ಕವೂ ಅದರಲ್ಲಿದೆಯಂತೆ: ಹಗಲು ಉದ್ದವಿರುವ ತಿಂಗಳಲ್ಲಿ ಒಂದು ದಿನದ ಕೆಲಸ ಇಷ್ಟು, ಹಗಲು ಗಿಡ್ಡವಾದ ತಿಂಗಳಲ್ಲಿ ಇಷ್ಟು ಎಂದು ಬೇರೆ ಬೇರೆ. ಕೆಲಸದವನ ದಿನ ಏನೆಂದು ತಿಳಿದು ಬರೆದ ಮಾತು ಅದು. ಕೇಳಿ ಬಹಳ ಗೌರವ ಬಂತು.

ಇಷ್ಟೆಲ್ಲ ಇರುವಾಗ ಡಬ್ಬಿಯಲ್ಲಿಟ್ಟ ಹಾಳೆಯಲ್ಲಿ ಒಬ್ಬ ಕುಶಲಿಯ ಹೆಸರೂ ಇಲ್ಲ. ಬಣ್ಣದ ಚಿತ್ರ, ಬಾಣದ ಗುರುತು, ಮುಗಿಯಿತು. ನನಗೆ ಇದು ಸರಿ ಕಾಣಲಿಲ್ಲ. ಲೀ ಜಿಯೇಗಿಂತ ನೂರು ವರ್ಷ ಹಿಂದೆ ಯೂ ಹಾವ್ ಎಂಬ ಬಡಗಿ ಇದ್ದ. ಮರದ ಕೆಲಸದ ಬಗ್ಗೆ ಅವನು ಬರೆದ ಪುಸ್ತಕ ಕಳೆದುಹೋಗಿದೆ. ಶೆನ್ ಕ್ವೋ ಎಂಬ ವಿದ್ವಾಂಸ ಎತ್ತಿ ಬರೆದ ತುಣುಕು ಮಾತ್ರ ಉಳಿದಿದೆ. ಅವನ ಕಥೆಯೊಂದನ್ನೂ ಆ ವಿದ್ವಾಂಸನೇ ಬರೆದಿಟ್ಟಿದ್ದಾನೆ. ಹಾಂಗ್‌ಝೌ ಊರಲ್ಲಿ ಮರದ ಗೋಪುರ ಎರಡು ಮೂರು ಅಂತಸ್ತು ಏರಿದಾಗ ದೊರೆ ಹತ್ತಿ ನೋಡಿದ, ಗೋಪುರ ಅಲುಗಾಡಿತು. ಹಂಚು ಹೊದೆಸಿಲ್ಲ, ಹಗುರವಾಗಿದೆ, ಅದಕ್ಕೇ ಎಂದರು ಕಟ್ಟುವವರು. ಹಂಚು ಹೊದೆಸಿದರೂ ಅಲುಗಾಟ ನಿಲ್ಲಲಿಲ್ಲ. ಕಟ್ಟುವ ಮೇಸ್ತ್ರಿ ತನ್ನ ಹೆಂಡತಿಯ ಕೈಲಿ ಚಿನ್ನದ ಮುಡಿಕಡ್ಡಿ ಕೊಟ್ಟು ಯೂ ಹಾವ್‌ನ ಹೆಂಡತಿಯ ಹತ್ತಿರ ಗುಟ್ಟಾಗಿ ಕೇಳಿಸಿದ. ಯೂ ಹಾವ್ ನಕ್ಕು, ಪ್ರತಿ ಅಂತಸ್ತಿಗೂ ಹಲಗೆ ಹಾಸಿ ಮೊಳೆ ಜಡಿಯಲಿ, ನಿಲ್ಲುತ್ತದೆ ಅಂದನಂತೆ. ಹಾಗೇ ಮಾಡಿದರು, ನಿಂತಿತು. ಹಲಗೆ ಬಿದ್ದರೆ ಮೇಲೆ ಕೆಳಗೆ, ನಾಲ್ಕು ಬದಿಗೆ ಒಂದಕ್ಕೊಂದು ಹಿಡಿತ ಸಿಕ್ಕಿ ಇಡೀ ಅಂತಸ್ತು ಪೆಟ್ಟಿಗೆಯಂತಾಗುತ್ತದೆ.

ಇದನ್ನು ಕೇಳಿದಾಗ ಕೈಲಿದ್ದ ಉಳಿ ಕೆಳಗಿಟ್ಟೆ. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಸಿದ್ದಾಪುರದ ಕಡೆ ಒಂದು ಉಪ್ಪರಿಗೆ ಕಟ್ಟುತ್ತಿದ್ದೆವು. ತೊಲೆಯ ಮೇಲೆ ನಡೆದರೆ ಮುಂಡಿಗೆಯೆಲ್ಲ ನಡುಗುತ್ತಿತ್ತು. ಕಚ್ಚು ಸಡಿಲವಾಯಿತೆಂದು ಹೆದರಿ ನಾನು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಅಪ್ಪಯ್ಯ, "ಮೊದ್ಲು ಹಲಗೆ ಜಡಿ ತಮಾ, ಆಮೇಲೆ ಅಲುಗ್ತದ ನೋಡು" ಅಂದಿದ್ದರು. ಅಲುಗಲಿಲ್ಲ. ಅಪ್ಪಯ್ಯ ಶಾಲೆಗೆ ಹೋದವರಲ್ಲ, ಚೀನಾದ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಇನ್ನೊಂದು ದೂರು ಇದೆ. ಚಿಕ್ಕ ಚೌಕಗಳಲ್ಲಿ ಒಂದು ಡಬ್ಬಿಯಲ್ಲಿ ಇರಲೇ ಇಲ್ಲ. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಹಲಸಿನ ತುಂಡಿನಲ್ಲಿ ನಾನೇ ಒಂದು ಮಾಡಿ ಕೂರಿಸಿದೆ. ಮರಗೆಲಸ ಬಾರದವರು ಆ ಒಂದು ತುಂಡಿಗಾಗಿ ಇಡೀ ಮಾದರಿ ಬಿಟ್ಟು ಕೂರಬೇಕಾಗುತ್ತದೆ. ಆದ್ದರಿಂದ ಡಬ್ಬಿ ತೆರೆದ ಕೂಡಲೇ ಎಣಿಸಿ, ವಾಪಸು ಕಳಿಸುವ ಅವಧಿ ಮುಗಿಯುವ ಮೊದಲೇ ಹೇಳಿಬಿಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮಕ್ಕಳಿಗೆ ಕೊಡುವುದಾದರೆ ಹನ್ನೆರಡು ವರ್ಷ ದಾಟಿರಲಿ, ದೊಡ್ಡವರು ಪಕ್ಕದಲ್ಲಿರಲಿ. ಕೆಲಸ ಕಲಿಯಲು ಬರುವ ಹುಡುಗ ಮಧ್ಯಾಹ್ನ ಊಟವಾದ ಮೇಲೆ ದಿನಾ ಒಂದು ಸಲ ಬಿಚ್ಚಿ ಕಟ್ಟುತ್ತಾನೆ. ಮೊದಲ ದಿನ ಒಂದು ತಾಸು ಬೇಕಾಯಿತು, ಈಗ ಹತ್ತು ನಿಮಿಷ. ಮೂಲೆಗಂಬದ ಸೆಟ್ ಬೇರೆ ಬರುತ್ತದೆ, ಅದರಲ್ಲಿ ಓರೆಯಾಗಿ ಹೋಗುವ ತೋಳೂ ಇದೆ. ನಮ್ಮಲ್ಲೂ ಮೂಲೆ ಪಕಾಸು ಕೂಡಿಸುವುದೇ ಎಲ್ಲಕ್ಕಿಂತ ಕಷ್ಟ. ನಿನ್ನೆ ಅದನ್ನು ಬೇರೆ ಅಂಗಡಿಯಿಂದ ಆರ್ಡರ್ ಮಾಡಿದ್ದೇನೆ.