ಒಂದು ಸ್ಟಾರ್ ಕೊಟ್ಟಿದ್ದೆ, ಈಗ ತಿದ್ದುತ್ತಿದ್ದೇನೆ: ಹಳೇ ಬೈಕಿನ ಡಿಸ್ಕ್ ಬ್ರೇಕ್ ಪ್ಯಾಡ್, ಎರಡೂವರೆ ವರ್ಷದ ನಂತರ

2023ರ ಜುಲೈನಲ್ಲಿ ಇದೇ ಪ್ಯಾಡಿಗೆ ಒಂದು ಸ್ಟಾರ್ ಕೊಟ್ಟಿದ್ದೆ. ‘ಹಾಕಿಸಿ ಮೂರು ವಾರಕ್ಕೇ ಕೀಂಯ್ ಅನ್ನುತ್ತಿದೆ, ಯಾರೂ ತಗೋಬೇಡಿ’ ಅಂತ ಬರೆದಿದ್ದೆ. ಅದನ್ನು ಓದಿ ಎಷ್ಟು ಜನ ಬಿಟ್ಟರೋ. ತಪ್ಪು ಪ್ಯಾಡಿನದಲ್ಲ, ನನ್ನದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೈಕಿನ ಜಾತಕ. 2010ರ 150 ಸಿಸಿ ಗಾಡಿ, ಮಾವನಿಂದ ಬಂದದ್ದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೀಟರ್ ಲಕ್ಷ ದಾಟಿದೆ. ನಾನು ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆದು ಆಳುಗಳ ಕೆಲಸ ನೋಡಿಕೊಳ್ಳುವವನು. ಚಿಕ್ಕಮಗಳೂರಿನಿಂದ ದಿನಾ ಹೋಗಿ ಬರುತ್ತೇನೆ, ಹೆಚ್ಚು ಕಡಿಮೆ 40 ಕಿಲೋಮೀಟರ್. ಕೊನೆಯ ಮೂರು ಕಿಲೋಮೀಟರ್ ತೋಟದ ಮಣ್ಣು ರಸ್ತೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಅದೇ ಕೆಸರು ಧೂಳು. ಎರಡೂ ಹೋಗಿ ಕೂರುವುದು ಮುಂದಿನ ಚಕ್ರದ ಕ್ಯಾಲಿಪರಿನಲ್ಲಿ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಯಲ್ಲಿ.

ಸೆಪ್ಟೆಂಬರಿನಲ್ಲಿ ಈ ಪ್ಯಾಡ್ ಕಿತ್ತು, ದುಡ್ಡು ಡಬಲ್ ಕೊಟ್ಟು ಬೇರೆ ಕಂಪನಿಯದು ಹಾಕಿಸಿದೆ. ಎರಡು ತಿಂಗಳು ಗಪ್‌ಚುಪ್. ಡಿಸೆಂಬರ್ ಹೊತ್ತಿಗೆ ಮತ್ತೆ ಅದೇ ರಾಗ. ಅರೇಬಿಕಾ ಕೊಯ್ಲು ಜೋರಾಗಿದ್ದ ಕಾಲ. ಗಿಡದ ಬುಡದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದವರು ನಾನು ತಿರುವಿಗೆ ಬರುವಷ್ಟರಲ್ಲೇ ಎದ್ದು ಕೊಯ್ಯುತ್ತಾ ನಿಂತಿರುತ್ತಿದ್ದರು. ಕೆಲಸದವರ ಲೈನ್ ಮನೆ ಮಕ್ಕಳು ನನಗೆ ‘ಕೀಂಯ್ ರೈಟ್ರು’ ಅಂತ ಹೆಸರಿಟ್ಟಿದ್ದವು.

ಆಗ ಯಾರೋ ಹೇಳಿದರು ಅಂತ ಒಂದು ಪೆದ್ದ ಕೆಲಸ ಮಾಡಿದೆ. ತುಕ್ಕು ಬಿಡಿಸುವ ಸ್ಪ್ರೇ ಇರುತ್ತದಲ್ಲ, ಅದನ್ನು ಡಿಸ್ಕಿಗೆ ಹೊಡೆದೆ. ಸದ್ದು ನಿಂತಿತು. ಗಾಡಿ ನಿಲ್ಲಲಿಲ್ಲ. ಪುಣ್ಯಕ್ಕೆ ಗೇಟಿನ ಹತ್ತಿರ ನಿಧಾನಕ್ಕೆ ಬರುತ್ತಿದ್ದೆ, ಹಿಂದಿನ ಬ್ರೇಕ್ ಕಾಪಾಡಿತು. ಪ್ಯಾಡು ಎಣ್ಣೆ ಹೀರಿದ ಮೇಲೆ ತೊಳೆದರೂ ಅಷ್ಟೆ, ಉಜ್ಜಿದರೂ ಅಷ್ಟೆ. ದುಬಾರಿ ಸೆಟ್ ಕಸಕ್ಕೆ ಹೋಯಿತು.

ಪೇಟೆಯಲ್ಲಿ ನಮ್ಮ ಮನೆ ಹಿಂದಿನ ರಸ್ತೆಯಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಅವರ ಹತ್ತಿರ ಹೋದೆ. ಅವರು ಪ್ಯಾಡು ನೋಡಲೇ ಇಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒತ್ತಿ ಹಿಡಿಯಲು ನನಗೆ ಹೇಳಿ, ಮುಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಅರ್ಧ ಸುತ್ತಿಗೇ ನಿಂತಿತು.

‘ಪ್ಯಾಡಿಗೆ ಯಾಕೆ ಬೈತೀರಾ ರೈಟ್ರೇ? ನಿಮ್ಮ ಬ್ರೇಕು ಹಿಡಿಯೋದು ಕಲಿತಿದೆ, ಬಿಡೋದು ಮರೆತಿದೆ’ ಅಂದರು.

ಇಂಥ ಬೈಕುಗಳಲ್ಲಿ ಕ್ಯಾಲಿಪರಿನ ಒಂದು ಕಡೆ ಮಾತ್ರ ಪಿಸ್ಟನ್ ಇರುತ್ತದೆ. ಲಿವರ್ ಒತ್ತಿದಾಗ ಅದು ತನ್ನ ಕಡೆಯ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಿ, ಎದುರಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ನು ಒಣಗಿ ಹಿಡಿದುಕೊಂಡರೆ ಕ್ಯಾಲಿಪರ್ ಸರಿಯಾಗಿ ಜಾರುವುದಿಲ್ಲ. ಪ್ಯಾಡು ಓರೆಯಾಗಿ ಡಿಸ್ಕ್ ಸವರುತ್ತಲೇ ಇರುತ್ತದೆ. ಹಿಡಿದು, ಜಾರಿ, ಮತ್ತೆ ಹಿಡಿದು, ಹೀಗೆ ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ಆ ನಡುಕವೇ ಕಿವಿಗೆ ಕೀಂಯ್ ಅಂತ ಕೇಳುವುದು. ಬಿಚ್ಚಿ ನೋಡಿದರೆ ಸಾಕ್ಷಿ ಅಲ್ಲೇ ಇತ್ತು: ಪಿಸ್ಟನ್ ಕಡೆಯ ಪ್ಯಾಡು ಎದುರಿನದಕ್ಕಿಂತ ಜಾಸ್ತಿ ಸವೆದಿತ್ತು. ಒಂದು ಪಿನ್ನನ್ನು ಕೈಯಲ್ಲಿ ಎಳೆದರೆ ಬರಲೇ ಇಲ್ಲ, ತಟ್ಟಿ ತೆಗೆಯಬೇಕಾಯಿತು. ಪಿನ್ನಿಗೆ ಧೂಳು ಹೋಗದಂತೆ ಮುಚ್ಚುವ ರಬ್ಬರ್ ಬೂಟ್ ಹರಿದು ಒಳಗೆಲ್ಲಾ ಕೆಂಪು ಮಣ್ಣು.

ಪಿಸ್ಟನ್ನಿನದು ಇನ್ನೊಂದು ಕಥೆ. ಪ್ಯಾಡು ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಹೊರಗೆ ಬಂದ ಭಾಗಕ್ಕೆ ಕೊಳೆ ಗಟ್ಟಿಯಾಗಿ ಅಂಟುತ್ತದೆ. ಹೊಸ ಪ್ಯಾಡ್ ಹಾಕುವಾಗ ಅದನ್ನು ಒಳಗೆ ತಳ್ಳಲೇಬೇಕು. ನನ್ನ ಎರಡೂ ಸೆಟ್ ಹಾಕಿದ ಅಂಗಡಿಯಲ್ಲಿ ಒರೆಸದೆ ಹಾಗೇ ತಳ್ಳಿದ್ದರು, ನಾನು ನೋಡುತ್ತಾ ನಿಂತಿದ್ದೆ. ಒಳಗಿನ ರಬ್ಬರ್ ಸೀಲ್ ಬರೀ ಆಯಿಲ್ ತಡೆಯಲಿಕ್ಕಲ್ಲ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದೂ ಅದೇ. ಅಲ್ಲಿ ಮಣ್ಣು ಸೇರಿದರೆ ಪಿಸ್ಟನ್ ಹಿಂದೆ ಬರುತ್ತಾ? ಸೀಲ್ ಬದಲಾಯಿಸಬೇಕಾಯಿತು, ಜೊತೆಗೆ ಬ್ರೇಕ್ ಆಯಿಲ್ ಕೂಡ. ಆಯಿಲ್ ಗಾಳಿಯ ತೇವ ಹೀರುವ ವಸ್ತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತಾರೆ. ನಮ್ಮದು ಚಹಾ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹಾಕಿದರು. ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದರೂ ಪೇಂಟ್ ಎದ್ದು ಬರುತ್ತದೆ, ಹತ್ತಿರ ಒದ್ದೆ ಬಟ್ಟೆ ಇಟ್ಟುಕೊಂಡಿರಿ.

ಪಿನ್ನಿಗೆ ಬೇಕಾದದ್ದು ಸಿಲಿಕೋನ್ ಗ್ರೀಸ್. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ನು ಮತ್ತೆ ಹಿಡಿಯುತ್ತದೆ.

ಇಷ್ಟಾದ ಮೇಲೆ ಹೊಸ ಪ್ಯಾಡ್ ಕೊಡಿ ಅಂದೆ. ‘ಹಳೇದು ಏನಾಯ್ತು?’ ಅಂದರು. ಒಂದು ಸ್ಟಾರ್ ಕೊಟ್ಟು ಕಿತ್ತ ಸೆಟ್ ಮನೆಯಲ್ಲಿ ಮೊಳೆ ಡಬ್ಬಿಯಲ್ಲಿತ್ತು. ತಂದು ಕೊಟ್ಟೆ. ಮುಖ ಗಾಜಿನ ಹಾಗೆ ಹೊಳೆಯುತ್ತಿತ್ತು. ಅದನ್ನು ಕೀಳುವ ಹಿಂದಿನ ತಿಂಗಳು ಹೆಂಡತಿಯನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೋಗಿದ್ದೆ, ಇಳಿಯುವಾಗ ಪೂರಾ ಬ್ರೇಕ್ ಹಿಡಿದೇ ಇಳಿದಿದ್ದೆ. ಕಾದು ಕಾದು ಪ್ಯಾಡಿನ ಮುಖ ಹೀಗೆ ಗಟ್ಟಿಯಾಗುತ್ತದಂತೆ. ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಸಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಸಬೇಕು ಅಂದರು. ಸಪಾಟು ಗಾಜಿನ ಮೇಲೆ ಉಪ್ಪುಕಾಗದ ಇಟ್ಟು, ನೀರು ಚಿಮುಕಿಸಿ, ಹೊಳಪು ಹೋಗುವ ತನಕ ಉಜ್ಜಿದರು. ಒಣಗಿದ್ದನ್ನು ಉಜ್ಜಿ ಬಾಯಲ್ಲಿ ಊದಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಪ್ಯಾಡಿನ ಅಂಚನ್ನೂ ಅರದಿಂದ ಸ್ವಲ್ಪ ಓರೆ ಮಾಡಿದರು. ಚೂಪು ಅಂಚು ಡಿಸ್ಕಿಗೆ ಕಚ್ಚಿದರೆ ಅದೂ ಕೂಗುತ್ತದೆ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಅಚ್ಚು ಹಾಕಿರುತ್ತಾರೆ. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದರೆ ನನ್ನದು ಇನ್ನೂ ಬಾಳಿಕೆ ಬರುವಂತಿತ್ತು.

ಉಜ್ಜಿದ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ, ಖಾಲಿ ರಸ್ತೆಯಲ್ಲಿ 40ರ ಸ್ಪೀಡಿನಿಂದ 10ಕ್ಕೆ ಇಳಿಸುತ್ತಾ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಸಲ ಬ್ರೇಕ್ ಹಾಕಿ ಅಂದರು. ಬೈಪಾಸಿನಲ್ಲಿ ಹಾಕಿದೆ. ಹಿಂದೆ ಬರುತ್ತಿದ್ದ ಜೀಪಿನವರು ನನ್ನನ್ನು ಏನಂದುಕೊಂಡರೋ.

ಸದ್ದಿಲ್ಲ. ಅದೇ ಪ್ಯಾಡು, ಅದೇ ಡಿಸ್ಕು. 2024ರ ಜನವರಿಯಿಂದ ಆ ಸೆಟ್ ಇನ್ನೂ 10,000 ಕಿಲೋಮೀಟರ್ ಬಂತು. ಆಮೇಲೆ ಇದೇ ಕಂಪನಿಯದೇ ಮತ್ತೊಂದು ತಗೊಂಡೆ, 310 ರೂಪಾಯಿ. ಅದು ಈಗ 11,000 ದಾಟಿದೆ, ಇನ್ನೂ ಸುಮಾರು 2 ಮಿಲಿಮೀಟರ್ ಉಳಿದಿದೆ. ವರ್ಷಕ್ಕೆ ಎರಡು ಸಲ, ಜೂನ್ ಮಳೆಗೆ ಮುಂಚೆ ಮತ್ತು ದಸರಾ ಆಯುಧಪೂಜೆಗೆ ಗಾಡಿ ತೊಳೆಯುವಾಗ, ಪಿನ್ನು ಬಿಚ್ಚಿ ಒರೆಸಿ ಗ್ರೀಸ್ ಹಚ್ಚುತ್ತೇನೆ. ಮುಕ್ಕಾಲು ಗಂಟೆ ಸಾಕು. ಆದರೆ ಸೀಲ್, ಆಯಿಲ್ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಒಳಗೆ ಗಾಳಿ ಉಳಿದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್ ತನಕ ಬರುತ್ತದೆ. ಅದು ಗೊತ್ತಿದ್ದವರೇ ಮಾಡಬೇಕು.

ಇನ್ನು ಪ್ಯಾಡಿನ ಗುಣದೋಷ. ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಸ್ವಲ್ಪ ಗೊರಗೊರ ಅನ್ನುತ್ತದೆ. ಅದು ರಾತ್ರಿ ಡಿಸ್ಕಿನ ಮೇಲೆ ಕೂತ ತೇವ, ತೆಳು ತುಕ್ಕು. ಗೇಟು ದಾಟುವಷ್ಟರಲ್ಲಿ ಹೋಗುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಒದ್ದೆಯಲ್ಲಿ ಹಿಡಿತ ಒಂದು ಕ್ಷಣ ತಡ, ಇದು ನಿಜವಾದ ಕೊರತೆ. ಇಬ್ಬರು ಕೂತು ಚಾರ್ಮಾಡಿ ಇಳಿದಾಗ ಕೊನೆಗೆ ಸುಟ್ಟ ವಾಸನೆ ಬಂತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊಟ್ಟೆ ಭಾರವಾಗಿತ್ತು ಅಂತ ಹೆಂಡತಿ ಹೇಳುತ್ತಾಳೆ, ಅಷ್ಟಕ್ಕೆಲ್ಲಾ ಬರಲ್ಲ ಅಲ್ವಾ. ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್ ಬಿಸಿ ಜಾಸ್ತಿ ತಡೆಯುತ್ತದೆ. ಆದರೆ ಅದಕ್ಕೆಂದು ಮಾಡದ ಡಿಸ್ಕನ್ನು ಬೇಗ ಸವೆಸುತ್ತದೆ. ನನ್ನ ಹಳೇ ಗಾಡಿಗೆ ಬೇಡ ಅಂದುಕೊಂಡೆ.

ನಾಲ್ಕು ಸ್ಟಾರ್. ಐದನೆಯದು ಯಾಕಿಲ್ಲ ಅಂದರೆ, ಪ್ಯಾಡು ಅಲುಗಾಡದಂತೆ ಹಿಡಿಯುವ ಸ್ಪ್ರಿಂಗ್ ಪಟ್ಟಿ ಈ ಪ್ಯಾಕೆಟ್ಟಿನಲ್ಲಿ ಬರುವುದಿಲ್ಲ. ಹಾಕಿಸುವಾಗ ಪಕ್ಕದಲ್ಲೇ ನಿಂತು ಹಳೇ ಪಟ್ಟಿ ಎತ್ತಿಟ್ಟುಕೊಳ್ಳಿ. ಹುಡುಗರು ಹಳೇ ಪ್ಯಾಡಿನ ಜೊತೆ ಅದನ್ನೂ ಬಿಸಾಕಿಬಿಡುತ್ತಾರೆ.