ಫಿಲಡೆಲ್ಫಿಯಾದಲ್ಲಿ ಒಂದು ದಿನ: ಬಸ್ಸೋ, ಸೈಕಲ್ಲೋ, ಸುಮ್ನೆ ನಡೆಯೋದೋ?

ಮೊದಲೇ ಹೇಳಿಬಿಡುತ್ತೇನೆ, ನಾನು ನಡೆಯುವವರ ಪಕ್ಷ. ಅದಕ್ಕೆ ಕಾರಣ 35 ಡಾಲರ್ ದಾಟಿದ ಒಂದು ಬಸ್ ಟಿಕೆಟ್.

ಒಂದು ಸೆಮಿಸ್ಟರ್ ಮಟ್ಟಿಗೆ ಮೈಸೂರಿನಿಂದ ಪೆನ್ಸಿಲ್ವೇನಿಯಾಕ್ಕೆ ಓದಲು ಹೋಗಿದ್ದೆ. ಹಾಸ್ಟೆಲಿನಲ್ಲಿ ನನ್ನಂಥ ಎಕ್ಸ್‌ಚೇಂಜ್ ಗಿರಾಕಿಗಳು ಇನ್ನೂ ನಾಲ್ವರು. ಕೊರಿಯಾದ ಇಬ್ಬರು ಹುಡುಗಿಯರು, ಒಬ್ಬ ಜರ್ಮನ್, ಒಬ್ಬ ಬ್ರೆಜಿಲ್‌ನವನು. ಫಿಲಡೆಲ್ಫಿಯಾಕ್ಕೆ ಎರಡು ಸಲ ಹೋದೆವು. ಮೊದಲ ಸಲ ಊರು ಸುತ್ತಿಸುವ ಡಬಲ್ ಡೆಕರ್ ಬಸ್ಸು. ಎರಡನೇ ಸಲ ಕಾಲು, ನಡುವೆ ಸ್ವಲ್ಪ ದೂರ ಬಾಡಿಗೆ ಸೈಕಲ್ಲು.

ಬಸ್ಸು ಆರಿಸಿದ್ದು ನಾನೇ. ಒಂದೇ ಟಿಕೆಟ್, ದಿನವಿಡೀ ಬೇಕಾದ ಸ್ಟಾಪಿನಲ್ಲಿ ಇಳಿಯಬಹುದು, ಮತ್ತೆ ಹತ್ತಬಹುದು. ಕೇಳೋಕೆ ಚೆನ್ನಾಗಿದೆ ಅಲ್ವಾ? ಟಿಕೆಟ್ ಮಾರುವಾಗ ಅವರು ಬಾಯಿಬಿಡದ ಸಂಗತಿ ಒಂದಿತ್ತು. ಬಸ್ಸು ಗಾಣದೆತ್ತಿನಂತೆ ಒಂದೇ ದಿಕ್ಕಿಗೆ ಸುತ್ತುತ್ತದೆ.

ಈ ಊರಿನಲ್ಲಿ ಎಲ್ಲರೂ ನೋಡಲು ಬರುವುದು ಇಂಡಿಪೆಂಡೆನ್ಸ್ ಹಾಲ್. ಒಳಗೆ ಹೋಗಲು ಗಂಟೆ ನಮೂದಿಸಿದ ಟಿಕೆಟ್ ಬೇಕು. ಟಿಕೆಟ್ ಪುಕ್ಕಟೆ, ಆನ್‌ಲೈನ್ ಬುಕಿಂಗಿಗೆ ಮಾತ್ರ ತಲೆಗೆ 1 ಡಾಲರ್. ನಮ್ಮದು 11 ಗಂಟೆಯದು. ಸೆಕ್ಯುರಿಟಿ ತಪಾಸಣೆ ಇರುವುದರಿಂದ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ನಾವು ಒಂಬತ್ತೂವರೆಗೇ ಸಿಟಿ ಹಾಲ್ ಹತ್ತಿರ ಬಸ್ಸಿಗೆ ನಿಂತೆವು. ಅಲ್ಲಿಂದ ಇಂಡಿಪೆಂಡೆನ್ಸ್ ಹಾಲ್‌ಗೆ ಪೂರ್ವಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ಧಾರಾಳ ಟೈಮಿದೆ ಅಂದುಕೊಂಡೆ.

ಮೊದಲ ಬಸ್ಸು ತುಂಬಿತ್ತು, ನಿಲ್ಲಿಸಲೇ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ಬಂತು. ಮೇಲೆ ಹತ್ತಿ ಕೂತು ಫೋಟೋ ಹೊಡೆದುಕೊಂಡೆವು. ಬಸ್ಸು ಪಶ್ಚಿಮಕ್ಕೆ ತಿರುಗಿತು. ಆರ್ಟ್ ಮ್ಯೂಸಿಯಂ ಬಂತು. 1829ರಲ್ಲಿ ಶುರುವಾದ ಹಳೇ ಜೈಲು ಬಂತು. ಜರ್ಮನ್ ಹುಡುಗ ಮ್ಯಾಪ್ ನೋಡಿ, "ನಾವು ದೂರ ಹೋಗ್ತಾ ಇದ್ದೀವಿ" ಅಂದ. ಕೆಳಗಿಳಿದು ಡ್ರೈವರನ್ನು ಕೇಳಿದರೆ, ರೂಟ್ ಇರೋದೇ ಹೀಗೆ ಅಂದರು. ಅದರ ಜೊತೆಗೆ ರಸ್ತೆ ರಿಪೇರಿ ಬೇರೆ. ಹಾಲ್ ಮುಂದೆ ಇಳಿದಾಗ 11:25. ಆ ದಿನದ ಬೇರೆ ಟಿಕೆಟ್‌ಗಳೆಲ್ಲ ಖಾಲಿ.

1776ರಲ್ಲಿ ಸ್ವಾತಂತ್ರ್ಯದ ಘೋಷಣೆಗೆ ಒಪ್ಪಿಗೆ ಕೊಟ್ಟ ಕೋಣೆ, 1787ರಲ್ಲಿ ಸಂವಿಧಾನ ಬರೆದ ಕೋಣೆ. ನಾವು ನೋಡಿದ್ದು ಹೊರಗಿನ ಇಟ್ಟಿಗೆ ಗೋಡೆ. ಕೊರಿಯಾದ ಹುಡುಗಿಯರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನವೂ ಅದೇ ಕತೆ. ಊಟಕ್ಕೆ ರೀಡಿಂಗ್ ಟರ್ಮಿನಲ್ ಮಾರ್ಕೆಟ್‌ಗೆ ಹೋಗೋಣ ಅಂದರೆ ಅದರ ಸ್ಟಾಪ್ ಹಿಂದೆ ಉಳಿದಿತ್ತು. ಬಸ್ಸಿನಲ್ಲೇ ಹೋಗಬೇಕೆಂದರೆ ಮತ್ತೆ ಇಡೀ ಊರು ಸುತ್ತಬೇಕು. 35 ಡಾಲರ್ ದಾಟಿದ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ನಡೆದೇ ಹೋದೆವು. ಅವತ್ತು ಭಾನುವಾರ. ಹಳೇ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರಾದ ಆಮಿಶ್ ಜನರ ಅಂಗಡಿಗಳಿಗೆಲ್ಲ ರಜೆ.

ಬಸ್ಸಿನ ಪರವಾಗಿ ಹೇಳುವುದಾದರೆ, ಮೇಲಿನ ಸೀಟಿನಿಂದ ಸಿಟಿ ಹಾಲ್ ಚೆನ್ನಾಗಿ ಕಾಣುತ್ತದೆ. ಅದರ ತುದಿಯಲ್ಲಿ ಊರು ಕಟ್ಟಿದ ವಿಲಿಯಂ ಪೆನ್‌ನ 37 ಅಡಿ ಪ್ರತಿಮೆ ಇದೆ. ಅವನ ಟೋಪಿಗಿಂತ ಎತ್ತರ ಯಾರೂ ಕಟ್ಟಬಾರದು ಅನ್ನುವ ಬಾಯಿಮಾತಿನ ಒಪ್ಪಂದ 1980ರ ದಶಕದವರೆಗೆ ನಡೆದುಕೊಂಡು ಬಂದಿತ್ತಂತೆ.

ಎರಡನೇ ಸಲ ಶನಿವಾರ ಹೋದೆವು. ರೈಲ್ವೆ ಸ್ಟೇಷನ್ನಿನಿಂದ ಸಬ್‌ವೇ ಹಿಡಿದು 5ನೇ ಸ್ಟ್ರೀಟ್‌ನಲ್ಲಿ ಇಳಿದರೆ ಎದುರಿಗೇ ಇಂಡಿಪೆಂಡೆನ್ಸ್ ಹಾಲ್ ಇರುವ ಪಾರ್ಕು. ಹತ್ತು ನಿಮಿಷದ ದಾರಿ. ಅಷ್ಟೇ! ಹಾಲ್ ಒಳಗೆ ಪಾರ್ಕ್ ರೇಂಜರ್ ಒಬ್ಬರು ಕರೆದುಕೊಂಡು ಹೋಗಿ ಎಲ್ಲ ವಿವರಿಸಿದರು. ವಾಷಿಂಗ್ಟನ್ ಕೂತಿದ್ದ ಕುರ್ಚಿಯ ಬೆನ್ನಿನ ಮೇಲೆ ಅರ್ಧ ಸೂರ್ಯನ ಕೆತ್ತನೆ ಇದೆ. ಅದನ್ನು ನೋಡಿದ ಮೇಲೆ ಕೊರಿಯಾದವರು ನನ್ನನ್ನು ಕ್ಷಮಿಸಿದರು.

ರಸ್ತೆ ದಾಟಿದರೆ ಲಿಬರ್ಟಿ ಬೆಲ್. ಟಿಕೆಟ್ ಇಲ್ಲ, ಸಾಲು ಮಾತ್ರ ಉಂಟು. 2,080 ಪೌಂಡ್ ತೂಕದ ಬಿರುಕು ಬಿಟ್ಟ ಗಂಟೆ. ಅದರ ಪಕ್ಕದಲ್ಲೇ ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ ಇದ್ದ ಮನೆಯ ಜಾಗ. ಆ ಮನೆಯಲ್ಲಿ ಒಂಬತ್ತು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅವರಲ್ಲಿ ಓನಾ ಜಡ್ಜ್ ಎಂಬ ಹುಡುಗಿ 1796ರಲ್ಲಿ ತಪ್ಪಿಸಿಕೊಂಡು ಹೋದಳು. ಬಸ್ಸಿನಲ್ಲಿ ಈ ಜಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಹೋಗಿತ್ತು. ಈ ಸಲ ಬ್ರೆಜಿಲ್‌ನವನು ಅಲ್ಲಿಂದ ಕದಲಲೇ ಇಲ್ಲ. ಅವರ ದೇಶದಲ್ಲಿ ಗುಲಾಮಗಿರಿ ನಿಂತಿದ್ದು 1888ರಲ್ಲಿ ಅಂದ.

ದಾರಿ ತಪ್ಪುವ ಭಯವೇ ಇಲ್ಲ. ಒಂದು ಕಡೆಯ ರಸ್ತೆಗಳಿಗೆ ನಂಬರು, ಇನ್ನೊಂದು ಕಡೆಯವಕ್ಕೆ ಚೆಸ್ಟ್‌ನಟ್, ವಾಲ್‌ನಟ್, ಪೈನ್ ಅಂತ ಮರಗಳ ಹೆಸರು. ‘ಎಲ್‌ಫ್ರೆತ್ಸ್ ಆ್ಯಲಿ’ ಅನ್ನುವ ಮುನ್ನೂರು ವರ್ಷದ ಓಣಿಗೆ ಬಸ್ಸು ನುಗ್ಗಲಾರದು. ಅಲ್ಲಿ ಈಗಲೂ ಸಂಸಾರಗಳಿವೆ. ಅಮೆರಿಕ ಕಟ್ಟಿದವರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಗೋರಿ ಬೇಲಿಯಾಚೆಯಿಂದಲೇ ಕಾಣುತ್ತದೆ. ಕಾಸು ಉಳಿಸಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವರ ಗೋರಿಯ ಮೇಲೆ ಜನ ಕಾಸು ಎಸೆಯುತ್ತಾರೆ!

ಆಮೇಲೆ ಡೆಲಾವೇರ್ ನದಿ ದಂಡೆಗೆ ಹೋದೆವು. ಅಲ್ಲಿ ನಾನು ಸ್ವಲ್ಪ ಕೊಚ್ಚಿಕೊಂಡೆ. 1782ರಲ್ಲಿ ಪೆನ್ಸಿಲ್ವೇನಿಯಾದವರು ಈ ನೀರು ಕಾಯಲು ಇಳಿಸಿದ ಹಡಗಿನ ಹೆಸರು ‘ಹೈದರ್ ಆಲಿ’. ನಮ್ಮ ಮೈಸೂರಿನ ಹೈದರಾಲಿಯೇ. ಆಗ ಅವರಿಗೂ ಬ್ರಿಟಿಷರ ಜೊತೆ ಜಗಳ, ಇವರಿಗೂ ಅದೇ ಜಗಳ. ಆ ವರ್ಷ ಏಪ್ರಿಲ್‌ನಲ್ಲಿ ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ಅದೇ ಹಡಗಿನಿಂದ, ತನಗಿಂತ ಬಲವಾದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಹಿಡಿದ. ಜರ್ಮನ್ ಹುಡುಗ ನಂಬಲಿಲ್ಲ. ಅಲ್ಲೇ ಫೋನಿನಲ್ಲಿ ಹುಡುಕಿ ನೋಡಿ ಸುಮ್ಮನಾದ.

ಸೈಕಲ್ಲು ಸಿಟಿ ಹಾಲ್‌ನಿಂದ ಆರ್ಟ್ ಮ್ಯೂಸಿಯಂವರೆಗಿನ ಅಗಲ ರಸ್ತೆಗೆ ಸೊಗಸು. ಹಳೇ ಊರಿನ ಕಲ್ಲುಹಾಸಿನ ಮೇಲೆ ಬೇಡ, ಹಲ್ಲು ಉದುರುತ್ತವೆ.

ನಡೆದ ದಿನ ಸಬ್‌ವೇ, ಬುಕಿಂಗು, ಪ್ರೆಟ್ಜೆಲ್, ಕಾಫಿ ಎಲ್ಲ ಸೇರಿ ನನಗೆ 20 ಡಾಲರ್ ಒಳಗೇ ಮುಗಿಯಿತು. ಅಪ್ಪ ಕಳಿಸುವ ದುಡ್ಡಿನಲ್ಲಿ ಬದುಕುವವನಿಗೆ ಇದು ದೊಡ್ಡ ಮಾತು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ರೂಢಿಯಾದ ಕಾಲು ಬೇರೆ, ದಿನಕ್ಕೆ ಹತ್ತು ಕಿಲೋಮೀಟರ್ ಕಷ್ಟವಾಗಲಿಲ್ಲ. ಅಮ್ಮ ಬಂದರೆ ಮಾತ್ರ ಬಸ್ಸೇ ಹತ್ತಿಸುತ್ತೇನೆ, ಅವರಿಗೆ ಮಂಡಿನೋವು. ಆದರೆ ಇಂಡಿಪೆಂಡೆನ್ಸ್ ಹಾಲ್ ನೋಡಿ ಮುಗಿಸಿದ ಮೇಲೆ.