ಮಳೆಗಾಲದಲ್ಲಿ ನಾಯಿಮರಿಗೆ ಗೂಡು: ಮೂರು ಬಂದವು, ಒಂದು ಉಳಿಯಿತು

ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಲ್ಲಿದ್ದು, ಮಳೆಗಾಲದಲ್ಲಿ ನಾಯಿಮರಿ ತಂದಿದ್ದರೆ ಮಡಚುವ ತಂತಿ ಕ್ರೇಟನ್ನೇ, ಅಂದರೆ ತಂತಿ ಜಾಲರಿಯ ಗೂಡನ್ನೇ, ತಗೊಳ್ಳಿ. ಪ್ಲಾಸ್ಟಿಕ್ ಪೆಟ್ಟಿಗೆ ಬೇಡ. ಮರದ ಗೂಡಂತೂ ಬೇಡವೇ ಬೇಡ. ಮೂರಕ್ಕೂ ದುಡ್ಡು ಸುರಿದ ಮೇಲೆ ಹೇಳುತ್ತಿದ್ದೇನೆ. ಹಾಗಂತ ತಂತಿ ಕ್ರೇಟ್ ಏನು ಕಮ್ಮಿ ಕಾಡಿಸಲಿಲ್ಲ. ಅದರ ತಟ್ಟೆಯ ರಗಳೆ ಮುಂದೆ ಬರುತ್ತದೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ, ಮೇಗರವಳ್ಳಿ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ನಮ್ಮ ಪಾಲಿಗೂ ಸಾಕಷ್ಟು ಬೀಳುತ್ತದೆ. ಹೋದ ವರ್ಷ ಜಗಲಿಯಲ್ಲಿ ಮಲಗಿದ್ದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಯಿತು. ಬೆಳಿಗ್ಗೆ ನೋಡಿದರೆ ಬರೀ ಸರಪಳಿ ಇತ್ತು. ಹಾಗಾಗಿ ಈ ಸಲ ಮರಿ ಬಂದರೆ ರಾತ್ರಿ ಮನೆಯೊಳಗೇ ಮಲಗಬೇಕು ಅಂತ ನಾನು ಹಟ ಹಿಡಿದೆ. ಒಳಗೆ ಮಲಗಬೇಕು ಅಂದರೆ ಒಳಗೆ ಉಚ್ಚೆ ಹೊಯ್ಯಬಾರದು. ಅದಕ್ಕೆ ಗೂಡು.

ಅತ್ತೆಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಅಲ್ವೇ ಮಾರಾಯ್ತಿ, ನಾಯೀನ ಕೋಳಿ ಒಡ್ಡಿಲಿ ಕೂಡಿಟ್ಟಂಗೆ ಕೂಡಿಡ್ತೀಯಾ?" ಅಂದರು. ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಹೇಳಿದ್ದನ್ನೇ ಅವರಿಗೆ ಹೇಳಿದೆ. ನಾಯಿ ತಾನು ಮಲಗುವ ಜಾಗವನ್ನು ಆದಷ್ಟು ಗಲೀಜು ಮಾಡಿಕೊಳ್ಳುವುದಿಲ್ಲ. ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟೇ ಜಾಗ ಕೊಟ್ಟರೆ ತಡೆದುಕೊಳ್ಳುತ್ತದೆ. ಜಾಗ ಜಾಸ್ತಿ ಆಯಿತೋ, ಒಂದು ಮೂಲೆ ಮಂಚ, ಇನ್ನೊಂದು ಮೂಲೆ ಪಾಯಿಖಾನೆ.

ಮರಿ ಬಂದದ್ದು ಮೃಗಶಿರಾ ಮಳೆ ಹಿಡಿದ ವಾರ. ಎರಡು ತಿಂಗಳು ತುಂಬಿತ್ತು. ಲ್ಯಾಬ್ರಡಾರ್ ಮತ್ತು ಊರುನಾಯಿ ಬೆರಕೆ. ಮೈ ಕೆಂಚು ಬಣ್ಣ, ಹಾಗಾಗಿ ಹೆಸರು ಕೆಂಚ.

ಮೊದಲು ತಂದದ್ದು ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ ಹಿಡಿ, ಎದುರಿಗೆ ತಂತಿ ಬಾಗಿಲು ಇರುತ್ತಲ್ಲ, ಅದು. ಶಿವಮೊಗ್ಗದ ಒಂದು ಅಂಗಡಿಯಲ್ಲಿ 2,600 ರೂಪಾಯಿ. ಒಳಗೆ ಕತ್ತಲು, ಬೆಚ್ಚಗೆ. ಕೆಂಚ ಮೊದಲ ರಾತ್ರಿ ಅರ್ಧ ಗಂಟೆ ಕುಂಯ್‌ಗುಟ್ಟಿ ಮಲಗಿಬಿಟ್ಟ. ಕಾರಿನಲ್ಲಿ ಲಸಿಕೆಗೆ ಕರೆದುಕೊಂಡು ಹೋಗಲು ಅದರಷ್ಟು ಸಲೀಸು ಇನ್ನೊಂದಿಲ್ಲ. ಆದರೆ ಅದರ ತಳದಲ್ಲಿ ಉದ್ದುದ್ದ ಗೀರು. ಒಮ್ಮೆ ಉಚ್ಚೆ ಹೊಯ್ದರೆ ಆ ಗೀರಿನಲ್ಲೆಲ್ಲ ನಿಲ್ಲುತ್ತದೆ. ತೊಳೆಯಬೇಕು ಅಂದರೆ ಸುತ್ತ ಇರುವ ಎಂಟು ಸ್ಕ್ರೂ ಬಿಚ್ಚಬೇಕು. ಕರೆಂಟಿಲ್ಲದ ರಾತ್ರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಎಂಟು ಸ್ಕ್ರೂ ಬಿಚ್ಚಿ ನೋಡಿ, ಆಮೇಲೆ ಮಾತಾಡೋಣ. ಜುಲೈ ಬರುವಷ್ಟರಲ್ಲಿ ಕೆಂಚನ ಬೆನ್ನು ಮೇಲಿನ ಮುಚ್ಚಳಕ್ಕೆ ತಾಗುತ್ತಿತ್ತು. ಈಗ ಅದರಲ್ಲಿ ಹೇಟೆ ಕೋಳಿ ಕಾವಿಗೆ ಕೂತಿದೆ.

ಎರಡನೆಯದು ನಮ್ಮನೆಯವರ ಐಡಿಯಾ. "ಮನೇಲಿ ಹಲಸಿನ ಹಲಗೆ ಬಿದ್ದಿದೆ, ಆಚಾರ್ರಿಗೆ ಹೇಳಿದ್ರೆ ಎರಡು ದಿನದ ಕೆಲಸ" ಅಂದರು. ಆಚಾರ್ರು ಬಂದರು, ಅಳತೆ ತಗೊಂಡರು, ಕೆಂಚನ ತಲೆ ಸವರಿದರು. ತಳಕ್ಕೆ ಹಲಸಿನ ಹಲಗೆ, ಸುತ್ತ ಅಡಿಕೆ ಮರ ಸೀಳಿದ ದಬ್ಬೆ. ಕೂಲಿ 1,800 ರೂಪಾಯಿ. ನೋಡಲು ಎಷ್ಟು ಚೆಂದ ಇತ್ತು ಅಂದರೆ ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ನಾನೂ ತೆಗೆದೆ.

ಹಲಗೆ ಉಚ್ಚೆ ಕುಡಿಯುತ್ತದೆ ಅಂತ ಮೂರನೇ ದಿನ ಗೊತ್ತಾಯಿತು. ತೊಳೆದೆ. ಒಣಗಲಿಲ್ಲ. ಪುನರ್ವಸು ಮಳೆಯಲ್ಲಿ ಹಲಗೆ ಎಲ್ಲಿ ಒಣಗುತ್ತದೆ? ಬಚ್ಚಲೊಲೆ ಪಕ್ಕ ನಾಲ್ಕು ದಿನ ಒರಗಿಸಿಟ್ಟೆ. ಮೇಲೆ ಒಣಗಿದ ಹಾಗೆ ಕಂಡಿತು, ತಿರುಗಿಸಿದರೆ ಅಡಿಯಲ್ಲಿ ಬಿಳಿ ಬೂಷ್ಟು. ನಮ್ಮ ಮೂಗಿಗೆ ವಾಸನೆ ಗೊತ್ತಾಗದಿದ್ದರೂ ನಾಯಿಯ ಮೂಗಿಗೆ ಗೊತ್ತಾಗುತ್ತದೆ. ಅದೇ ವಾಸನೆ ಹಿಡಿದು ಅಲ್ಲೇ ಮತ್ತೆ ಹೊಯ್ಯುತ್ತಿದ್ದ. ಫಿನಾಯಿಲ್ ಹಾಕಿ ಒರೆಸೋಣ ಅಂದರೆ, ನೆಲ ನೆಕ್ಕುವ ಮರಿ ಇರುವಾಗ ಅದು ಬೇಡ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಸಾಲದ್ದಕ್ಕೆ ಹಲ್ಲು ಬರುವ ಕಾಲ. ದಬ್ಬೆ ಕಡಿಯಲು ಶುರು ಮಾಡಿದ. ಅಡಿಕೆ ದಬ್ಬೆಯ ಸಿಬಿರು ಕೈಗೆ ಚುಚ್ಚಿಸಿಕೊಂಡವರಿಗೆ ಗೊತ್ತು, ಅದು ಬಾಯಲ್ಲಿ ಚುಚ್ಚಿದರೆ ಹೇಗಿರಬಹುದು ಅಂತ. ಅವನ ಒಸಡಿನಿಂದ ಒಂದು ಸಿಬಿರು ತೆಗೆದ ದಿನವೇ ಅದನ್ನು ಮೂಲೆಗೆ ಸೇರಿಸಿದೆ. ಈಗ ತೆಂಗಿನಕಾಯಿ ತುಂಬಿಟ್ಟಿದ್ದೇವೆ. ನಾಯಿ ಎಲ್ಲಿ ಮಲಗುತ್ತೆ ಅಂತ ಆಚಾರ್ರು ಇನ್ನೂ ಕೇಳಿಲ್ಲ, ಪುಣ್ಯಕ್ಕೆ.

ಆಮೇಲೆ ಬಂತು ತಂತಿ ಕ್ರೇಟ್. ಆನ್‌ಲೈನ್‌ನಲ್ಲಿ 5,200 ರೂಪಾಯಿ, 42 ಇಂಚಿನದು. ಕೊರಿಯರ್‌ನವರು ಮನೆವರೆಗೆ ಬರುವುದಿಲ್ಲ, ತೀರ್ಥಹಳ್ಳಿಗೆ ಹೋಗಿ ತಂದದ್ದು. ದೊಡ್ಡವನಾದ ಮೇಲೂ ಹಿಡಿಸಲಿ ಅಂತ ದೊಡ್ಡದನ್ನೇ ತಗೊಂಡೆ. ಜೊತೆಗೆ ಒಂದು ಅಡ್ಡ ಜಾಲರಿ ಬರುತ್ತದೆ. ಅದನ್ನು ನಡುವೆ ಸಿಕ್ಕಿಸಿ ಜಾಗ ಚಿಕ್ಕದು ಮಾಡಬಹುದು, ಮರಿ ಬೆಳೆದ ಹಾಗೆ ಹಿಂದಕ್ಕೆ ಸರಿಸಬಹುದು. ನಾನು ಮೂರು ಸಲ ಸರಿಸಿದೆ. ಈ ಒಂದು ಜಾಲರಿ ಇಲ್ಲದ ಕ್ರೇಟ್ ಅರ್ಧ ಬೆಲೆಗೆ ಸಿಕ್ಕರೂ ತಗೊಳ್ಳಬೇಡಿ. ಮೂರು ಕಡೆಗೆ ಹಳೇ ಬೆಡ್‌ಶೀಟ್ ಹೊದಿಸಿದೆ, ಪ್ಲಾಸ್ಟಿಕ್ ಪೆಟ್ಟಿಗೆಯ ಕತ್ತಲು ಇಲ್ಲೂ ಸಿಕ್ಕಿತು. ಒಳಗೆ ಬಿಡುವಾಗ ಕುತ್ತಿಗೆಯ ಬೆಲ್ಟ್ ಬಿಚ್ಚಬೇಕು. ತಂತಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ.

ಈಗ ತಟ್ಟೆಯ ವಿಷಯ.

ಕ್ರೇಟಿನ ತಳಕ್ಕೆ ಕಪ್ಪು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಎದುರಿನಿಂದ ಡ್ರಾಯರ್ ಹಾಗೆ ಎಳೆದು ತೆಗೆಯಬಹುದು. ತೊಳೆಯಲು ಎರಡೇ ನಿಮಿಷ, ಬಟ್ಟೆಯಲ್ಲಿ ಒರೆಸಿದರೆ ಒಣಗಿತು. ನಾನು ಈ ಕ್ರೇಟನ್ನು ಮೆಚ್ಚಿದ್ದೇ ಅದಕ್ಕೆ. ಆದರೆ ಸುಲಭವಾಗಿ ಎಳೆದು ತೆಗೆಯಲು ಬಂದರೆ ಸುಲಭವಾಗಿ ಜಾರಿಯೂ ಹೋಗುತ್ತದೆ ಅಲ್ವಾ? ಕೆಂಚ ಒಳಗೆ ಒಂದು ಸುತ್ತು ತಿರುಗಿದರೆ ತಟ್ಟೆ ತಂತಿಗೆ ಬಡಿದು ಕಟಕಟ. ಮಗ್ಗುಲು ಬದಲಿಸಿದರೆ ಕಟ್. ತುರಿಸಿಕೊಂಡರೆ ಕಟಕಟಕಟ. ಹಂಚಿನ ಮೇಲೆ ಮಳೆ ಅಷ್ಟು ಸದ್ದು ಮಾಡುತ್ತಿದ್ದರೂ ಈ ಸದ್ದೇ ಕಿವಿಗೆ ಬೀಳುತ್ತಿತ್ತು. ನಾನು ಎದ್ದ ಸದ್ದಿಗೆ ಅವನು ಎದ್ದು ಕೂರುತ್ತಿದ್ದ. ಅವನು ಎದ್ದರೆ ಮತ್ತೆ ಕಟಕಟ.

ಅದಾದರೂ ಹಾಳಾಗಿ ಹೋಗಲಿ. ಬಾಗಿಲ ಹತ್ತಿರ ಕಾಲಿನಿಂದ ಕೆರೆದೂ ಕೆರೆದೂ ತಟ್ಟೆಯನ್ನು ಒಂದು ಬೆರಳಷ್ಟು ಎದುರಿಗೆ ಜಾರಿಸಿಬಿಡುತ್ತಿದ್ದ. ಹಿಂದೆ ಸಂದಿ. ಒಂದು ರಾತ್ರಿ, ಅವನನ್ನು ಹೊರಗೆ ಕರೆದುಕೊಂಡು ಹೋಗಲು ಇಟ್ಟಿದ್ದ ಅಲಾರಂ ಬಂದ್ ಮಾಡಿ ನಾನು ಮಲಗಿಬಿಟ್ಟೆ, ಅವನು ತಡೆಯಲಾರದೆ ಸರಿಯಾಗಿ ಹಿಂದಿನ ಮೂಲೆಗೆ ಹೊಯ್ದ. ಸಂದಿಯಿಂದ ಇಳಿದು ತಟ್ಟೆಯ ಅಡಿಗೆ ಹೋಯಿತು. ಮೇಲಿಂದ ನೋಡಿದರೆ ತಟ್ಟೆ ಚೊಕ್ಕ! "ನೋಡಿ, ಈಗ ಕಲಿತ" ಅಂತ ನಾನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ವಾರದ ಮೇಲೆ ಕ್ರೇಟ್ ಸರಿಸಿ ನೆಲ ಒರೆಸಿದರೆ ಬಟ್ಟೆ ತುಂಬ ಇಟ್ಟಿಗೆ ಬಣ್ಣ. ನಮ್ಮದು ರೆಡ್ ಆಕ್ಸೈಡ್ ನೆಲ. ನೆಲದ ಬಣ್ಣವೇ ಬಿಡುತ್ತಿದೆ ಅಂದುಕೊಂಡೆ. ಮತ್ತೆ ಒರೆಸಿದೆ, ಮತ್ತೆ ಬಂತು. ಕ್ರೇಟ್ ಮಗುಚಿ ನೋಡಿದಾಗ ತಳದ ತಂತಿಗಳೆಲ್ಲ ತುಕ್ಕು. ಕಪ್ಪು ಬಣ್ಣ ಹಪ್ಪಳದ ಹಾಗೆ ಎದ್ದು ಬಂದಿತ್ತು. ಮೊದಲೇ ಗೋಡೆ ಬೆವರುವ ಕಾಲ. ಅದರ ಮೇಲೆ ಉಚ್ಚೆ, ಅಡಿಯಲ್ಲಿ ಗಾಳಿಯಿಲ್ಲ. ಇನ್ನೇನಾಗುತ್ತದೆ?

ಎಸೆಯುವ ಮನಸ್ಸು ಬಂದದ್ದು ನಿಜ. ಆದರೆ ಮಾವ ಸುಮ್ನೆ ಎದ್ದು ಹೋಗಿ ಒಂದು ಹಳೇ ಸೈಕಲ್ ಟ್ಯೂಬ್ ತಂದರು. ಗೇಣುದ್ದದ ತುಂಡು ಮಾಡಿ ತಳದ ತಂತಿಗೆ ಆರು ಕಡೆ ಸುತ್ತಿ ಕಟ್ಟಿದರು. ತಟ್ಟೆ ಅದರ ಮೇಲೆ ಕೂತರೆ ಈಗ ಸದ್ದೂ ಇಲ್ಲ, ಜಾರುವುದೂ ಇಲ್ಲ. ಕ್ರೇಟಿನ ಅಡಿಗೆ ಎರಡು ರೀಪು ಕೊಟ್ಟು ನೆಲದಿಂದ ಎತ್ತರಿಸಿದೆವು, ಗಾಳಿ ಆಡಲಿ ಅಂತ. ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ತೆಂಗಿನೆಣ್ಣೆ ಸವರಿದೆ. ಪೇಂಟ್ ಹೊಡೆಯಲಿಲ್ಲ, ಕಡಿಯುವ ನಾಯಿ. ಎಣ್ಣೆ ಹಚ್ಚಿದ ದಿನ ಕೆಂಚ ಇಡೀ ಕ್ರೇಟನ್ನು ಒಂದು ಸುತ್ತು ನೆಕ್ಕುತ್ತಾನೆ. ಅದೊಂದು ಸೇವೆ.

ಹಾಸಿಗೆಗೆ ಏನೂ ಕೊಳ್ಳಬೇಡಿ. ಅಂಗಡಿಯ ಮೆತ್ತೆ ಒಂದು ಸಲ ಒದ್ದೆಯಾದರೆ ದೀಪಾವಳಿವರೆಗೆ ಒಣಗುವುದಿಲ್ಲ. ಗೋಣಿಚೀಲದ ನೂಲು ಎಳೆದು ನುಂಗುತ್ತಾನೆ. ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಹಾಕಿದರೆ ಸಾಕು. ಆರು ಪಂಚೆ ಸರದಿಯಲ್ಲಿ ಇಟ್ಟಿದ್ದೆ. ಒಣಗಿಸಲು ಅತ್ತೆಯ ಉಪಾಯ: ಕೆಂಡದ ಮೇಲೆ ಬಿದಿರಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರವುವುದು. ಮಕ್ಕಳ ಬಟ್ಟೆ ಒಣಗಿಸಿದ ಹಾಗೆ. ಒಡ್ಡಿ ಅಂತ ಬೈದವರೇ ನಾಯಿಯ ಪಂಚೆ ಕಾಯಿಸುತ್ತಾ ಕೂತಿದ್ದರು.

ಉಚ್ಚೆ ಹೀರುವ, ಬಳಸಿ ಬಿಸಾಡುವ ಪ್ಯಾಡ್ ಎರಡು ದಿನ ಇಟ್ಟು ನೋಡಿದೆ. ಹರಿದು ಹತ್ತಿ ಮಾಡಿದ.

ಗೂಡು ಯಾವುದೇ ಇರಲಿ, ಎದ್ದು ಹೊರಗೆ ಕರೆದುಕೊಂಡು ಹೋಗುವ ಕೆಲಸ ನಮ್ಮದೇ. ಎರಡು ತಿಂಗಳ ಮರಿ ಮೂರು ಗಂಟೆ ತಡೆದುಕೊಂಡರೆ ಅದೇ ಜಾಸ್ತಿ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹೊರಗೆ. ರಾತ್ರಿ ಒಂದು ಗಂಟೆಗೆ, ನಾಲ್ಕು ಗಂಟೆಗೆ ಅಲಾರಂ. ಆದರೆ ಕೆಂಚನಿಗೆ ಮಳೆಯಲ್ಲಿ ಹೊಯ್ಯಲು ಬರುವುದಿಲ್ಲ! ಕೊಡೆ ಹಿಡಿದು ನಾನು ಅಂಗಳದಲ್ಲಿ ನಿಂತರೆ ಅವನು ನನ್ನ ಕಾಲ ಸಂದಿಯಲ್ಲಿ ನಡುಗುತ್ತಾ ನಿಲ್ಲುತ್ತಿದ್ದ. ಒಳಗೆ ಬಂದ ತಕ್ಷಣ ಒಣ ನೆಲ ನೋಡಿ ಹೊಯ್ಯುತ್ತಿದ್ದ. ಮೇಲಿಂದ ಅವನ ಬೆರಳ ಸಂದಿಯಲ್ಲಿ ಎರಡು ಇಂಬಳ (ಜಿಗಣೆ), ನನ್ನ ಪಾದದಲ್ಲಿ ನಾಲ್ಕು. ಕೊನೆಗೆ ಸೌದೆ ಕೊಟ್ಟಿಗೆಯ ಮೂಲೆಗೆ ಒಂದು ಬುಟ್ಟಿ ದರಗು, ಅಂದರೆ ಉದುರಿದ ಒಣ ಎಲೆ, ಸುರಿದು ಅಲ್ಲಿಗೆ ಕರೆದುಕೊಂಡು ಹೋದೆ. ಮೇಲೆ ಸೂರು, ಕೆಳಗೆ ಒಣ ದರಗು. ಮೂಸಿದ, ಸುತ್ತಿದ, ಹೊಯ್ದ. ನಾನು ರಾತ್ರಿ ನಾಲ್ಕು ಗಂಟೆಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಇನ್ನು ನಿಮಗೆ ಯಾವುದು ಅಂತ ಕೇಳಿದರೆ, ನನ್ನ ಲೆಕ್ಕ ಇಷ್ಟೇ. ನಾನು ಮನೆಯಲ್ಲೇ ಇರುವವಳು, ದಿನಕ್ಕೆ ಎರಡು ಸಲ ತಟ್ಟೆ ತೊಳೆಯಲು ಬೇಜಾರಿಲ್ಲ, ಸ್ಕ್ರೂ ಬಿಚ್ಚಲು ಬೇಜಾರು. ಶಿವಮೊಗ್ಗ ಪೇಟೆಯಲ್ಲಿ ಬಾಡಿಗೆ ಮನೆ, ನಾಯಿ ಸಣ್ಣ ಜಾತಿಯದ್ದು, ಆಗಾಗ ಕಾರಿನಲ್ಲಿ ಓಡಾಟ ಅಂದರೆ ಪ್ಲಾಸ್ಟಿಕ್ ಪೆಟ್ಟಿಗೆಯೇ ಸಾಕಾಗಬಹುದು. ಮರದ್ದು ಬೇಕೇ ಬೇಕು ಅನ್ನುವವರು ಬೇಸಿಗೆಯಲ್ಲಿ ಮರಿ ತರಬೇಕು, ತಳಕ್ಕೆ ತಗಡು ಹೊಡೆಸಬೇಕು. ಇಡೀ ದಿನ ಬೀಗ ಹಾಕಿ ಕೆಲಸಕ್ಕೆ ಹೋಗುವವರಿಗೆ ಮೂರೂ ಆಗುವುದಿಲ್ಲ, ಮರಿಯನ್ನು ಅಷ್ಟು ಹೊತ್ತು ಕೂಡಿಡಬಾರದು. ನಾನು ಸುಮ್ನೆ ಹಾಳು ಮಾಡಿದ ದುಡ್ಡು 4,400. ಮೊದಲೇ ತಂತಿಯದ್ದು ತಂದಿದ್ದರೆ ಅದರಲ್ಲಿ ಕೆಂಚನಿಗೆ ನಾಲ್ಕು ತಿಂಗಳ ಊಟ ಆಗುತ್ತಿತ್ತು.

ಈಗ ಅಡಿಕೆ ಕೊಯ್ಲು ಶುರುವಾಗಿದೆ. ರಾತ್ರಿ ಹತ್ತರವರೆಗೂ ಜಗಲಿ ತುಂಬ ಅಡಿಕೆ ಸುಲಿಯುವವರು. ಏಳು ತಿಂಗಳ ಕೆಂಚ ಎಲ್ಲರ ಮಡಿಲೂ ಹತ್ತಿ ಇಳಿದು, ಸುಸ್ತಾದ ಮೇಲೆ ತಾನೇ ಒಳಗೆ ಹೋಗಿ ಕ್ರೇಟಿನಲ್ಲಿ ಬಿದ್ದುಕೊಳ್ಳುತ್ತಾನೆ. ಮನೆಯೊಳಗೆ ಹೊಯ್ಯದೆ ಎರಡು ತಿಂಗಳಾಯಿತು. ಸೈಕಲ್ ಟ್ಯೂಬ್ ಮಾತ್ರ ಆರರಲ್ಲಿ ಎರಡು ಕಡಿದು ಹಾಕಿದ್ದಾನೆ. ಆ ಮೂಲೆಯಲ್ಲಿ ನಿನ್ನೆಯಿಂದ ಮತ್ತೆ ಕಟಕಟ ಶುರುವಾಗಿದೆ.